ಟ್ಯಾರೋ ಎಲೆಗಳ ಚಿತ್ರ ಬರೆದವರು ಯಾರು?

ಪ್ರಶ್ನೆ: ಮಗಳು ಪಿಯುಸಿ ಓದುತ್ತಿದ್ದಾಳೆ. ಹುಟ್ಟುಹಬ್ಬಕ್ಕೆ ಸಿಕ್ಕ ದುಡ್ಡಿನಲ್ಲಿ ಆನ್‌ಲೈನ್‌ನಿಂದ ಒಂದು ಟ್ಯಾರೋ ಪ್ಯಾಕ್ ತರಿಸಿಕೊಂಡಳು. ಮೊನ್ನೆ ಅಜ್ಜಿಯನ್ನು ಕೂರಿಸಿಕೊಂಡು ಒಂದು ಎಲೆ ತೆಗೆಯಲು ಹೇಳಿದ್ದಾಳೆ. ಬಂದದ್ದು ಕುದುರೆ ಮೇಲೆ ಕೂತ ಅಸ್ಥಿಪಂಜರ, ಕೆಳಗೆ ‘ಡೆತ್’ ಎಂದು ಬರೆದಿದೆ. ಅಂದಿನಿಂದ ನಮ್ಮತ್ತೆಗೆ ಸಮಾಧಾನವಿಲ್ಲ, ‘ಆ ಡಬ್ಬಿ ಮನೆಯಿಂದ ಆಚೆ ಹಾಕಿ’ ಅನ್ನುತ್ತಿದ್ದಾರೆ. ಪ್ಯಾಕಿನ ಜೊತೆ ಬಂದ ಪುಸ್ತಿಕೆಯಲ್ಲಿ ಇದು ಪುರಾತನ ಈಜಿಪ್ಟಿನ ಪೂಜಾರಿಗಳ ಗುಪ್ತವಿದ್ಯೆ ಎಂದಿದೆ. ನಿಜವೇ? ಮಗಳ ಗೆಳತಿಯರ ಹತ್ತಿರ ಇರುವ ಬೇರೆ ಬೇರೆ ಕಂಪನಿಯ ಪ್ಯಾಕ್‌ಗಳಲ್ಲೂ ಇವೇ ಚಿತ್ರಗಳು ಯಾಕಿವೆ? ಇವನ್ನು ಬರೆದವರು ಯಾರು? ಮನೆಯಲ್ಲಿ ನಾವು ನಾಲ್ಕೇ ಜನ, ಈಗ ಇಬ್ಬರು ಆ ಕಡೆ, ಇಬ್ಬರು ಈ ಕಡೆ ಆಗಿದ್ದೇವೆ. — ಧಾರವಾಡದ ಓದುಗರೊಬ್ಬರು

ಉತ್ತರ:

ನಿಮ್ಮತ್ತೆಯವರ ಕೈಗೆ ಬಂದ ಎಲೆಯಿಂದಲೇ ಶುರು ಮಾಡೋಣ. ಅದನ್ನು ಬೆಳಕಿಗೆ ಹಿಡಿದು ಸಾವಕಾಶವಾಗಿ ನೋಡಿ. ಕಪ್ಪು ಉಕ್ಕಿನ ಕವಚ ತೊಟ್ಟ ಅಸ್ಥಿಪಂಜರ, ಬಿಳಿ ಕುದುರೆ, ಕೈಯಲ್ಲಿ ಕಪ್ಪು ಬಾವುಟ. ಬಾವುಟದ ಮೇಲೆ ಐದು ಎಸಳಿನ ಬಿಳಿ ಗುಲಾಬಿ. ಕುದುರೆಯ ಕಾಲಡಿ ರಾಜ ಸತ್ತು ಬಿದ್ದಿದ್ದಾನೆ, ಕಿರೀಟ ಉರುಳಿದೆ. ಬಂಗಾರದ ನಿಲುವಂಗಿಯ ಬಿಷಪ್ ಕೈ ಜೋಡಿಸಿ ಎದುರು ನಿಂತಿದ್ದಾನೆ. ಮಂಡಿಯೂರಿದ ಹುಡುಗಿ ಮುಖ ತಿರುಗಿಸಿಕೊಂಡಿದ್ದಾಳೆ. ಪುಟ್ಟ ಮಗು ಮಾತ್ರ ಹೆದರದೆ ನೆಟ್ಟಗೆ ನೋಡುತ್ತಿದೆ. ಹಿಂದೆ ಹೊಳೆ, ಅದರಲ್ಲಿ ದೋಣಿ, ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಒಂದು ಅಂಗೈ ಅಗಲದ ಕಾಗದದಲ್ಲಿ ಇಷ್ಟೆಲ್ಲ ಇದೆ. ಇದನ್ನು ಈಜಿಪ್ಟಿನ ಪೂಜಾರಿ ಬರೆದದ್ದಲ್ಲ. 1909ರಲ್ಲಿ ಲಂಡನ್ನಿನಲ್ಲಿ 31 ವರ್ಷದ ಹೆಣ್ಣುಮಗಳೊಬ್ಬಳು ಬರೆದದ್ದು. ಆಕೆಯ ಹೆಸರು ಪಮೇಲಾ ಕೋಲ್ಮನ್ ಸ್ಮಿತ್. ನಿಮ್ಮ ಪ್ಯಾಕಿನ ಡಬ್ಬಿಯ ಮೇಲೆ ಆ ಹೆಸರು ಇಲ್ಲದೆ ಇರುವ ಸಾಧ್ಯತೆಯೇ ಹೆಚ್ಚು.

ಈಜಿಪ್ಟಿನ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಉತ್ತರ ಚಿಕ್ಕದು: ಇಲ್ಲ. ಟ್ಯಾರೋ ಹುಟ್ಟಿದ್ದು ಉತ್ತರ ಇಟಲಿಯಲ್ಲಿ, 1440ರ ಆಸುಪಾಸಿನಲ್ಲಿ, ಆಡುವ ಎಲೆಗಳಾಗಿ. ಭವಿಷ್ಯ ಹೇಳುವುದಕ್ಕಲ್ಲ, ಇಸ್ಪೀಟು ಆಡುವುದಕ್ಕೆ. ಮಿಲಾನ್, ಫೆರಾರಾ, ಫ್ಲಾರೆನ್ಸ್‌ಗಳ ಶ್ರೀಮಂತರ ಮನೆಗಳಲ್ಲಿ ನಾಲ್ಕು ರಂಗಿನ 56 ಎಲೆಗಳ ಕಟ್ಟಿಗೆ ಇನ್ನೂ 22 ಚಿತ್ರದ ಎಲೆಗಳನ್ನು ಸೇರಿಸಿದರು. ಆ 22ರಲ್ಲಿ 21 ಎಲೆಗಳು ಉಳಿದ ಎಲ್ಲ ರಂಗನ್ನೂ ಹೊಡೆಯುತ್ತವೆ, ಒಂದು ಮಾತ್ರ ಹುಚ್ಚಪ್ಪ, ಅವನ ಕಟ್ಟುಪಾಡೇ ಬೇರೆ. ಈ ವಿಶೇಷ ಎಲೆಗಳನ್ನು ಇಟಲಿಯವರು ‘ತ್ರಿಯೋಂಫಿ’ ಎಂದರು, ಅಂದರೆ ವಿಜಯಗಳು. ಆ ಮಾತು ಯುರೋಪಿನ ಭಾಷೆಗಳಲ್ಲಿ ಸುತ್ತಿ, ಹಡಗು ಹತ್ತಿ ನಮ್ಮ ಕಡೆಗೂ ಬಂದಿದೆ. ಇಪ್ಪತ್ತೆಂಟರ ಆಟ ಆಡುವಾಗ ‘ತುರುಪು ಇಟ್ಟಿದ್ದೀಯಾ?’ ಎಂದು ಕೇಳುತ್ತೀರಲ್ಲ, ಆ ತುರುಪು ಇದೇ ಕುಟುಂಬದ ಪದ. ಅತ್ತೆಯವರು ಹೆದರಿದ ಆ ಹದಿಮೂರನೇ ಎಲೆ ಹುಟ್ಟಿನಿಂದ ಒಂದು ತುರುಪಿನೆಲೆ.

ಮಿಲಾನಿನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನದವರಿಗಾಗಿ ಚಿನ್ನದ ರೇಕು ಹಚ್ಚಿ ಕೈಯಲ್ಲಿ ಬರೆದ ಒಂದು ಪ್ಯಾಕ್ ಬಹುಪಾಲು ಉಳಿದಿದೆ. 78ರಲ್ಲಿ 74 ಎಲೆ ಸಿಕ್ಕಿವೆ, ಅವೂ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿ, ಇಟಲಿಯ ಬೆರ್ಗಮೋದ ಚಿತ್ರಶಾಲೆ ಮತ್ತು ಒಂದು ಖಾಸಗಿ ಮನೆತನದ ನಡುವೆ ಹಂಚಿಹೋಗಿವೆ. ಸೈತಾನನ ಎಲೆಯೂ ಗೋಪುರದ ಎಲೆಯೂ ಕಾಣೆಯಾದವುಗಳಲ್ಲಿ ಸೇರಿವೆ. ಇದಕ್ಕೂ ಜನ ಕಥೆ ಕಟ್ಟಿದ್ದಾರೆ. ಐನೂರು ವರ್ಷದ ಇಸ್ಪೀಟು ಕಟ್ಟಿನಲ್ಲಿ ನಾಲ್ಕೇ ಎಲೆ ಕಳೆದಿದೆ ಎಂಬುದೇ ನನಗೆ ದೊಡ್ಡ ಆಶ್ಚರ್ಯ. ನಮ್ಮ ಮನೆಯಲ್ಲಿ ಒಂದು ಬೇಸಿಗೆ ರಜೆ ಮುಗಿಯುವುದರೊಳಗೆ ಅಷ್ಟು ಕಳೆದಿರುತ್ತದೆ.

ಇಟಲಿಯವರಿಗೆ ಎಲೆಯಾಟ ಸಿಕ್ಕಿದ್ದು ಪೂರ್ವದಿಂದ. ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕ್ ಸುಲ್ತಾನರ ಕಾಲದ ಎಲೆಗಳು ಇಸ್ತಾಂಬುಲ್ಲಿನ ತೋಪ್‌ಕಾಪಿ ಅರಮನೆಯಲ್ಲಿವೆ. ಅವುಗಳ ನಾಲ್ಕು ರಂಗು: ಬಟ್ಟಲು, ನಾಣ್ಯ, ಕತ್ತಿ, ಪೋಲೋ ಆಟದ ಕೋಲು. ಪೋಲೋ ಗೊತ್ತಿಲ್ಲದ ಯುರೋಪಿನವರು ಅದನ್ನು ಬರೀ ದೊಣ್ಣೆ ಮಾಡಿಕೊಂಡರು. ಹೀಗೆ ನೋಡಿದರೆ ಪುಸ್ತಿಕೆಯಲ್ಲಿ ಈಜಿಪ್ಟಿನ ಹೆಸರು ಬಂದದ್ದರಲ್ಲಿ ಆಕಸ್ಮಿಕವಾಗಿ ಒಂದು ಎಳೆ ಸತ್ಯ ಸೇರಿಕೊಂಡಿದೆ. ಆದರೆ ಅದು ಪಿರಮಿಡ್ಡಿನ ಈಜಿಪ್ಟ್ ಅಲ್ಲ, ಸುಲ್ತಾನರ ಈಜಿಪ್ಟ್, ಬಂದದ್ದು ವಿದ್ಯೆಯಲ್ಲ, ಆಟ. ಅದೇ ಎಲೆಯಾಟದ ದೊಡ್ಡ ಸಂಸಾರದ ಇನ್ನೊಂದು ಕವಲು ನಮ್ಮ ಗಂಜೀಫಾ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಎಷ್ಟೋ ಬಗೆಯ ಗಂಜೀಫಾಗಳನ್ನು ಬರೆಸಿದರು. ದಶಾವತಾರದ ಕಟ್ಟಿನಲ್ಲಿ ಹತ್ತು ರಂಗು, ರಂಗಿಗೆ ಹನ್ನೆರಡರಂತೆ 120 ಎಲೆ. ಸಾಕ್ಷಾತ್ ನರಸಿಂಹನೇ ಎಲೆಯ ಮೇಲೆ ಕೂತಿದ್ದರೂ ಅದನ್ನು ಯಾರೂ ಗುಪ್ತವಿದ್ಯೆ ಎನ್ನಲಿಲ್ಲ, ಕೂತು ಆಡಿದರು. ಫ್ರಾನ್ಸಿನಲ್ಲಿ, ಆಸ್ಟ್ರಿಯಾದಲ್ಲಿ ಟ್ಯಾರೋವನ್ನು ಇಂದಿಗೂ ಹಾಗೆಯೇ ಆಡುತ್ತಾರೆ.

ಹಾಗಾದರೆ ಪುಸ್ತಿಕೆಯ ಪೂಜಾರಿಗಳು ಎಲ್ಲಿಂದ ಬಂದರು? 1781ರಲ್ಲಿ ಪ್ಯಾರಿಸ್ಸಿನ ಆಂತ್ವಾನ್ ಕೂರ್ ದ ಜೆಬೆಲಾಂ ಎಂಬ ವಿದ್ವಾಂಸರು ತಮ್ಮ ಬಹುಸಂಪುಟದ ಗ್ರಂಥದಲ್ಲಿ, ಈ ಆಟದ ಎಲೆಗಳು ನಿಜಕ್ಕೂ ಪುರಾತನ ಈಜಿಪ್ಟಿನ ಜ್ಞಾನದ ಪುಸ್ತಕ, ಇಸ್ಪೀಟಿನ ವೇಷ ಹಾಕಿ ಉಳಿದುಕೊಂಡಿದೆ ಎಂದು ಬರೆದರು. ಆಧಾರ? ಚಿತ್ರಗಳನ್ನು ನೋಡಿದ ಕೂಡಲೇ ತಮಗೆ ಹೊಳೆಯಿತು, ಅಷ್ಟೇ. ಆಗಿನ್ನೂ ಈಜಿಪ್ಟಿನ ಲಿಪಿಯನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ರೊಸೆಟ್ಟಾ ಶಿಲೆ ಸಿಕ್ಕಿದ್ದು 1799ರಲ್ಲಿ, ಶಾಂಪೋಲಿಯೋನ್ ಅದರ ಗುಟ್ಟು ಬಿಡಿಸಿದ್ದು 1822ರಲ್ಲಿ. ಯಾರೂ ಅಲ್ಲಗಳೆಯಲು ಸಾಧ್ಯವಿಲ್ಲದ ಕಾಲದಲ್ಲಿ ಹೇಳಿದ ಮಾತು ಬೇರು ಬಿಟ್ಟುಕೊಂಡಿತು. ಪ್ಯಾರಿಸ್ಸಿನವರೇ ಆದ ಆಲಿಯೆಟ್ ಎಂಬುವರು ತಮ್ಮ ಹೆಸರನ್ನು ಹಿಂದುಮುಂದಾಗಿ ಬರೆದು ‘ಎಟ್ಟೆಯ್ಲಾ’ ಎಂದು ಕರೆದುಕೊಂಡು, 1789ರ ಹೊತ್ತಿಗೆ ಭವಿಷ್ಯ ಹೇಳುವುದಕ್ಕೆಂದೇ ಒಂದು ಪ್ಯಾಕ್ ಹೊರತಂದರು. 1850ರ ದಶಕದಲ್ಲಿ ಎಲಿಫಾಸ್ ಲೆವಿ ಎಂಬುವರು 22 ತುರುಪುಗಳಿಗೂ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೂ ಗಂಟು ಹಾಕಿದರು. ಎಣಿಕೆ ಹೊಂದಿದರೆ ಅರ್ಥವೂ ಹೊಂದಿತು ಎಂದುಕೊಳ್ಳುವ ಅಭ್ಯಾಸ ನಮ್ಮಲ್ಲೂ ಕಡಿಮೆ ಇಲ್ಲ ಬಿಡಿ.

1888ರಲ್ಲಿ ಲಂಡನ್ನಿನಲ್ಲಿ ‘ಗೋಲ್ಡನ್ ಡಾನ್’ ಎಂಬ ರಹಸ್ಯ ಮಂಡಲಿ ಹುಟ್ಟಿತು. ದೀಕ್ಷೆ, ನಿಲುವಂಗಿ, ಗುಟ್ಟು ಕಾಪಾಡುವ ಪ್ರಮಾಣ ಎಲ್ಲವೂ ಇದ್ದ ಮಂಡಲಿ. ಕವಿ ಯೇಟ್ಸ್ ಅದರಲ್ಲಿದ್ದರು. ನಮ್ಮ ಕಥೆಗೆ ಬೇಕಾದ, ಪಮೇಲಾ ಅವರಿಂದ ಈ ಪ್ಯಾಕ್ ಬರೆಸಿದ ಆರ್ಥರ್ ಎಡ್ವರ್ಡ್ ವೇಟ್ ಕೂಡ ಇದ್ದರು. ವೇಟ್ 1857ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು. ರಸವಿದ್ಯೆ, ಮಂತ್ರವಿದ್ಯೆ, ಅನುಭಾವ ಇವುಗಳ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದವರು. ಆದರೆ ಹೊಟ್ಟೆಪಾಡಿಗೆ ಅವರು ಸುಮಾರು ಹತ್ತು ವರ್ಷ ಕೆಲಸ ಮಾಡಿದ್ದು ಹಾರ್ಲಿಕ್ಸ್ ಕಂಪನಿಯಲ್ಲಿ. ಹೌದು, ನಾವು ಜ್ವರ ಬಂದಾಗ ಕುಡಿಯುತ್ತಿದ್ದ ಹಾರ್ಲಿಕ್ಸೇ. ಅದರ ಹೆಸರಿನ ಒಂದು ಪತ್ರಿಕೆಯನ್ನೂ ಅವರು ನೋಡಿಕೊಳ್ಳುತ್ತಿದ್ದರು.

ಈ ವೇಟ್ ಈಜಿಪ್ಟಿನ ಕಥೆಯನ್ನು ನಂಬಿದವರಲ್ಲ ಎಂಬುದನ್ನು ನಿಮ್ಮ ಪುಸ್ತಿಕೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಈ ಪ್ಯಾಕಿಗಾಗಿಯೇ ಅವರು ಬರೆದ ಕೈಪಿಡಿ ಚಿತ್ರಸಮೇತವಾಗಿ 1911ರಲ್ಲಿ ಬಂತು. ಟ್ಯಾರೋ ಈಜಿಪ್ಟಿನದು ಎನ್ನುವುದಕ್ಕೆ ಕಣದಷ್ಟೂ ಸಾಕ್ಷ್ಯವಿಲ್ಲ ಎಂದು ಅದರಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ. ಪ್ಯಾಕ್ ಮಾಡಿಸಿದವರೇ ಇಲ್ಲವೆಂದದ್ದನ್ನು ಅದೇ ಪ್ಯಾಕಿನ ನಕಲು ಮುದ್ರಿಸುವವರು ಇಂದಿಗೂ ಹೌದು ಎನ್ನುತ್ತಿದ್ದಾರೆ. ಆದರೆ ವೇಟ್ ಅವರಿಗೆ ತಮ್ಮದೇ ಗುಟ್ಟುಗಳಿದ್ದವು. ಹಳೆಯ ಫ್ರೆಂಚ್ ಪ್ಯಾಕ್‌ಗಳಲ್ಲಿ ಎಂಟನೆಯದು ನ್ಯಾಯ, ಹನ್ನೊಂದನೆಯದು ಶಕ್ತಿ. ಇವರು ಎರಡನ್ನೂ ಅದಲುಬದಲು ಮಾಡಿದರು. ಯಾಕೆ ಎಂಬುದಕ್ಕೆ ‘ನನಗೆ ಸಮಾಧಾನ ಕೊಡುವ ಕಾರಣಗಳಿಗಾಗಿ’ ಎಂದಷ್ಟೇ ಬರೆದು ಮುಂದೆ ಹೋದರು. ನಿಜವಾದ ಕಾರಣ ಮಂಡಲಿಯ ಲೆಕ್ಕ: ತುರುಪುಗಳನ್ನು ರಾಶಿಚಕ್ರಕ್ಕೆ ಹೊಂದಿಸಿದಾಗ ಎಂಟರ ಜಾಗ ಸಿಂಹರಾಶಿಗೆ, ಹನ್ನೊಂದರದು ತುಲಾರಾಶಿಗೆ ಬರುತ್ತಿತ್ತು. ಶಕ್ತಿಯ ಎಲೆಯಲ್ಲಿ ಸಿಂಹವಿದೆ, ನ್ಯಾಯದ ಎಲೆಯಲ್ಲಿ ತಕ್ಕಡಿಯಿದೆ. ಬದಲಾಯಿಸದೆ ವಿಧಿಯಿರಲಿಲ್ಲ, ಹೇಳಿದರೆ ಪ್ರಮಾಣ ಮುರಿಯುತ್ತಿತ್ತು.

ಇನ್ನು ಪಮೇಲಾ. ನನ್ನ ಪ್ರಕಾರ ಈ ಪ್ಯಾಕ್ ನೂರು ವರ್ಷ ದಾಟಿಯೂ ಉಳಿದಿರುವುದು ವೇಟ್ ಅವರ ಪಾಂಡಿತ್ಯದಿಂದಲ್ಲ, ಈಕೆಯ ನಾಟಕದ ಕಣ್ಣಿನಿಂದ. ಆ ಕಣ್ಣು ಹೇಗೆ ಬಂತು ಎಂದು ಸ್ವಲ್ಪ ಬಿಡಿಸಿ ಹೇಳಬೇಕು.

ಹುಟ್ಟಿದ್ದು 1878ರ ಫೆಬ್ರುವರಿ 16ರಂದು, ಲಂಡನ್ನಿನಲ್ಲಿ. ತಂದೆ ತಾಯಿ ಅಮೆರಿಕದವರು. ತಂದೆಯ ಕೆಲಸದ ಹಿಂದೆ ಸಂಸಾರ ಮ್ಯಾಂಚೆಸ್ಟರ್, ಜಮೈಕಾದ ಕಿಂಗ್‌ಸ್ಟನ್, ಬ್ರೂಕ್ಲಿನ್ ಎಂದು ಸುತ್ತಿತು. ಜಮೈಕಾದಲ್ಲಿ ಕೇಳಿದ ಅನಾನ್ಸಿ ಎಂಬ ಕಿಲಾಡಿ ಜೇಡದ ಜನಪದ ಕಥೆಗಳು ಆಕೆಗೆ ಬಾಯಿಪಾಠವಾದವು. 1899ರಲ್ಲಿ ಅವನ್ನು ಪುಸ್ತಕ ಮಾಡಿದರು. ಮುಂದೆ ಲಂಡನ್ನಿನ ದೊಡ್ಡ ಮನೆಗಳಲ್ಲಿ ಜಮೈಕಾದ ಆಡುಮಾತಿನಲ್ಲೇ, ಪುಟ್ಟ ಗೊಂಬೆಗಳನ್ನು ಎದುರಿಗಿಟ್ಟುಕೊಂಡು ಈ ಕಥೆಗಳನ್ನು ಹೇಳುತ್ತಿದ್ದರು. ಹದಿನೈದನೇ ವಯಸ್ಸಿಗೆ ಬ್ರೂಕ್ಲಿನ್ನಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿನ ಮೇಷ್ಟ್ರು ಆರ್ಥರ್ ವೆಸ್ಲಿ ಡೌ ಜಪಾನೀ ಚಿತ್ರಕಲೆಯ ಹುಚ್ಚಿನವರು. ದಪ್ಪ ಕಪ್ಪು ಗೆರೆ, ಅದರೊಳಗೆ ನೆರಳಿಲ್ಲದ ಸಪಾಟು ಬಣ್ಣ, ತುಂಬದೆ ಖಾಲಿ ಬಿಟ್ಟ ಜಾಗ. ಈಗ ನಿಮ್ಮ ಕೈಲಿರುವ ಯಾವ ಎಲೆಯನ್ನಾದರೂ ನೋಡಿ, ಈ ಪಾಠ ಕಾಣುತ್ತದೆ. ಪದವಿ ಮುಗಿಸಲಿಲ್ಲ. ಇಪ್ಪತ್ತೊಂದು ತುಂಬುವ ಹೊತ್ತಿಗೆ ತಾಯಿ ಇರಲಿಲ್ಲ, ಅದೇ 1899ರಲ್ಲಿ ತಂದೆಯೂ ಹೋದರು.

ಆಗ ಆಕೆಗೆ ಆಸರೆಯಾದದ್ದು ನಾಟಕದವರು. ಲಂಡನ್ನಿನ ಲೈಸಿಯಂ ರಂಗಮಂದಿರದ ತಂಡ, ಅದರ ನಾಯಕ ನಟ ಹೆನ್ರಿ ಇರ್ವಿಂಗ್, ನಟಿ ಎಲೆನ್ ಟೆರಿ, ವ್ಯವಸ್ಥಾಪಕರಾಗಿದ್ದ ಬ್ರಾಮ್ ಸ್ಟೋಕರ್. ಎಲೆನ್ ಟೆರಿ ಆಕೆಯನ್ನು ‘ಪಿಕ್ಸಿ’ ಎಂದು ಅಕ್ಕರೆಯಿಂದ ಕರೆಯುತ್ತಿದ್ದರು. ತಂಡದ ಜೊತೆ ಊರೂರು ತಿರುಗುತ್ತ ವೇಷಭೂಷಣ, ರಂಗಸಜ್ಜಿಕೆಯ ಕೆಲಸ ಕಲಿತರು. 1903ರಲ್ಲಿ ‘ದಿ ಗ್ರೀನ್ ಶೀಫ್’ ಎಂಬ ಪತ್ರಿಕೆ ಶುರು ಮಾಡಿದರು, ಹದಿಮೂರು ಸಂಚಿಕೆಗೆ ನಿಂತಿತು. ಸಂಗೀತ ಕೇಳುತ್ತಿದ್ದರೆ ಕಣ್ಣ ಮುಂದೆ ದೃಶ್ಯಗಳು ಎದ್ದು ಬರುತ್ತಿದ್ದವಂತೆ, ಕಛೇರಿಯಲ್ಲಿ ಕೂತಲ್ಲೇ ಅವನ್ನು ಬರೆಯುತ್ತಿದ್ದರು. 1907ರಲ್ಲಿ ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತಮ್ಮ ಗ್ಯಾಲರಿಯಲ್ಲಿ ಮೊದಲ ಬಾರಿ ಛಾಯಾಚಿತ್ರವಲ್ಲದ ಕಲೆಗೆ ಜಾಗ ಕೊಟ್ಟದ್ದು ಪಮೇಲಾ ಅವರ ಚಿತ್ರಗಳಿಗೆ. ಗೋಲ್ಡನ್ ಡಾನ್ ಮಂಡಲಿಗೆ 1901ರಲ್ಲೇ ಸೇರಿದ್ದರು, ವೇಟ್ ಪರಿಚಯ ಅಲ್ಲಿಯದು.

1909ರಲ್ಲಿ ಸುಮಾರು ಆರು ತಿಂಗಳಲ್ಲಿ ಅಷ್ಟೂ ಎಲೆಗಳನ್ನು ಬರೆದು ಮುಗಿಸಿದರು. ನವೆಂಬರ್ 19ರಂದು ಸ್ಟೀಗ್ಲಿಟ್ಸ್‌ಗೆ ಬರೆದ ಕಾಗದದಲ್ಲಿ ಅದರ ಸುದ್ದಿ ಒಂದೆರಡು ಸಾಲು ಇದೆ: ದೊಡ್ಡ ಕೆಲಸವೊಂದನ್ನು ಮುಗಿಸಿದೆ, ಕೈಗೆ ಬಂದದ್ದು ತೀರಾ ಕಮ್ಮಿ ದುಡ್ಡು, ಟ್ಯಾರೋ ಪ್ಯಾಕಿಗೆ 80 ಚಿತ್ರ. ಮುದ್ರಣ ಕೆಟ್ಟದಾಗಿಯೇ ಇರುತ್ತದೇನೋ ಎಂಬ ಅನುಮಾನವನ್ನೂ ಸೇರಿಸಿದ್ದಾರೆ. ಡಿಸೆಂಬರಿನಲ್ಲಿ ವಿಲಿಯಂ ರೈಡರ್ ಅಂಡ್ ಸನ್ ಎಂಬ ಪ್ರಕಾಶಕರು ಪ್ಯಾಕನ್ನು ಮಾರುಕಟ್ಟೆಗೆ ತಂದರು.

ಈಗ ವಿನ್ಯಾಸದ ತಿರುಳಿಗೆ ಬರೋಣ. ಆ ಹೊತ್ತಿಗೆ ಬಳಕೆಯಲ್ಲಿದ್ದ ಮಾರ್ಸೇಯ್ ಎಂಬ ಹಳೆಯ ಫ್ರೆಂಚ್ ಮಾದರಿಯ ಟ್ಯಾರೋದಲ್ಲಿ 22 ತುರುಪುಗಳಿಗೆ ಚಿತ್ರವಿತ್ತು, ರಾಜ, ರಾಣಿ, ಸವಾರ, ಗುಲಾಮರಿಗೆ ಚಿತ್ರವಿತ್ತು. ಉಳಿದ ನಲವತ್ತು ಎಲೆಗಳು ನಮ್ಮ ಇಸ್ಪೀಟಿನ ಹಾಗೆಯೇ: ಐದು ಬಟ್ಟಲೆಂದರೆ ಐದು ಬಟ್ಟಲು, ಏಳು ಕತ್ತಿಯೆಂದರೆ ಏಳು ಕತ್ತಿ, ಸುತ್ತ ಒಂದಿಷ್ಟು ಬಳ್ಳಿ. ಭವಿಷ್ಯ ಹೇಳುವವರು ಅವುಗಳ ಅರ್ಥವನ್ನು ಮಗ್ಗಿಯಂತೆ ಉರು ಹೊಡೆಯಬೇಕಿತ್ತು. ಪಮೇಲಾ ಆ ನಲವತ್ತು ಎಲೆಗಳಿಗೂ ಚಿತ್ರ ಕೊಟ್ಟರು. ನಾಲ್ಕು ಎಕ್ಕಗಳಲ್ಲಿ ಮೋಡದಿಂದ ಹೊರಬಂದ ಒಂದು ಕೈ ಇದೆ. ಕೋಲಿನ ಎಂಟು ಮತ್ತು ಕತ್ತಿಯ ಮೂರು, ಈ ಎರಡು ಬಿಟ್ಟರೆ ಮಿಕ್ಕೆಲ್ಲವುಗಳಲ್ಲಿ ಮನುಷ್ಯರಿದ್ದಾರೆ, ಏನೋ ನಡೆಯುತ್ತಿದೆ. ಈ ಒಂದು ಕೆಲಸ ಇಡೀ ಟ್ಯಾರೋದ ದಿಕ್ಕು ತಿರುಗಿಸಿತು. ಉರು ಹೊಡೆಯದವರೂ ಎಲೆ ನೋಡಿ ಕಥೆ ಹೇಳಬಹುದಾಯಿತು. ನಿಮ್ಮ ಮಗಳು ಪ್ಯಾಕ್ ಬಂದ ದಿನವೇ ಅಜ್ಜಿಗೆ ಎಲೆ ಹಿಡಿಯಲು ಸಾಧ್ಯವಾದದ್ದು ಇದರಿಂದ.

ಇದಕ್ಕೆ ಮುಂಚೆ ಹೀಗೆ ಮಾಡಿದವರು ಇರಲಿಲ್ಲವೆಂದಲ್ಲ. 1491ರ ಸುಮಾರಿಗೆ ಉತ್ತರ ಇಟಲಿಯಲ್ಲಿ ತಾಮ್ರದ ಹಲಗೆಯ ಮೇಲೆ ಕೊರೆದು ಮುದ್ರಿಸಿದ ಸೋಲಾ ಬುಸ್ಕಾ ಎಂಬ ಪ್ಯಾಕಿನಲ್ಲಿ 78ಕ್ಕೂ ಚಿತ್ರಗಳಿವೆ. ಅದರ ಛಾಯಾಚಿತ್ರಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದವು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪಮೇಲಾ ಅವನ್ನು ನೋಡಿಯೇ ಇದ್ದಾರೆ ಎನಿಸುತ್ತದೆ. ಮೂರು ಕತ್ತಿ ಚುಚ್ಚಿದ ಹೃದಯ ಅಲ್ಲಿದೆ, ಹೊರಲಾರದ ಹೊರೆ ತಬ್ಬಿಕೊಂಡು ಬಗ್ಗಿದ ಮನುಷ್ಯನೂ ಇದ್ದಾನೆ. ಅಲ್ಲಿ ಹೊರೆ ಕತ್ತಿಗಳದ್ದು, ಇಲ್ಲಿ ಕೋಲುಗಳದ್ದು, ಅಷ್ಟೇ ವ್ಯತ್ಯಾಸ. ಬೆರಳೆಣಿಕೆಯ ಎಲೆಗಳು ಹೀಗೆ. ಉಳಿದವು ಆಕೆಯವೇ. ವೇಟ್ ತಮ್ಮ ಆತ್ಮಕಥನದಲ್ಲಿ, ಮಹಾಪೂಜಾರಿಣಿ, ಹುಚ್ಚಪ್ಪ ಮತ್ತು ತಲೆಕೆಳಗಾಗಿ ತೂಗುವವನ ಎಲೆಗಳಿಗೆ ತಾವು ಚಮಚದಲ್ಲಿ ತಿನ್ನಿಸಿದಂತೆ ಆಕೆಗೆ ಹೇಳಿಕೊಡಬೇಕಾಯಿತು ಎಂದು ಬರೆದುಕೊಂಡಿದ್ದಾರೆ. ಮೂರು ಎಲೆಗೆ ಇಷ್ಟು ಹೇಳಿಕೊಂಡವರು ಆ ನಲವತ್ತರ ಬಗ್ಗೆ ಏನೂ ಹೇಳಿಕೊಂಡಿಲ್ಲ. ಅವುಗಳಲ್ಲಿ ಆಕೆಯ ಕೈ ಸ್ವತಂತ್ರವಾಗಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

ನಾಟಕದ ಕಣ್ಣು ಎಂದೆನಲ್ಲ, ಅದನ್ನು ನೀವೇ ಪರೀಕ್ಷಿಸಬಹುದು. ಕತ್ತಿಯ ಎರಡು, ಪೆಂಟಕಲ್‌ನ (ಹಳೆಯ ನಾಣ್ಯದ ರಂಗಿಗೆ ಈ ಪ್ಯಾಕಿನ ಹೆಸರು) ಎರಡು, ಕತ್ತಿಯ ಏಳು, ಈ ಮೂರು ಎಲೆ ತೆಗೆದಿಡಿ. ಮೂರರಲ್ಲೂ ಪಾತ್ರದ ಹಿಂದೆ ಅಡ್ಡಡ್ಡ ಒಂದು ನೇರ ಗೆರೆ ಹಾದುಹೋಗುತ್ತದೆ. ಗೆರೆಯ ಈಚೆಗೆ ಒಂದೇ ಬಣ್ಣದ ಸಪಾಟು ನೆಲ, ಆಚೆಗೆ ಸಮುದ್ರವೋ ಡೇರೆಯೋ. ಕಂಪನಿ ನಾಟಕ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಈಚೆಗಿರುವುದು ಹಲಗೆಯ ರಂಗ, ಆಚೆಗಿರುವುದು ಇಳಿಬಿಟ್ಟ ಪರದೆ. ಎರಡು ಪೆಂಟಕಲ್ ಹಿಡಿದು ಕುಣಿಯುವ ಹುಡುಗನ ಹಿಂದೆ ಅಲೆಯ ಮೇಲೆ ಹಡಗುಗಳು ಏರಿಳಿಯುತ್ತಿವೆ, ಆದರೆ ಅವನ ಕಾಲ ಕೆಳಗೆ ಒಂದು ಹನಿ ನೀರಿಲ್ಲ. ಮೈಯ ನಿಲುವೇ ಮಾತಾಡಬೇಕೆಂಬುದು ರಂಗದವರ ಪಾಠ. ಬಟ್ಟಲಿನ ಎಂಟರಲ್ಲಿ ಒಬ್ಬ ಜೋಡಿಸಿಟ್ಟ ಬಟ್ಟಲುಗಳಿಗೆ ಬೆನ್ನು ಹಾಕಿ ರಾತ್ರಿಯಲ್ಲಿ ಬೆಟ್ಟದ ಕಡೆ ಹೊರಟಿದ್ದಾನೆ. ಮುಖವೇ ಕಾಣದು, ಆದರೂ ಮನಸ್ಸು ಗೊತ್ತಾಗುತ್ತದೆ. ಪೆಂಟಕಲ್‌ನ ಐದರಲ್ಲಿ ಹಿಮದಲ್ಲಿ ಇಬ್ಬರು ಬಡವರು, ಒಬ್ಬ ಊರುಗೋಲಿನವನು. ತಲೆಯ ಮೇಲೆ ಚರ್ಚಿನ ಬಣ್ಣದ ಗಾಜಿನ ಕಿಟಕಿ ಒಳಗಿನ ದೀಪಕ್ಕೆ ಹೊಳೆಯುತ್ತಿದೆ, ಬಾಗಿಲು ಮಾತ್ರ ಚಿತ್ರದಲ್ಲಿ ಎಲ್ಲೂ ಇಲ್ಲ. ನನಗೆ ಇಡೀ ಪ್ಯಾಕಿನಲ್ಲಿ ಅತಿ ಇಷ್ಟವಾದ ಎಲೆ ಇದು.

ತುರುಪುಗಳಲ್ಲೂ ಬದಲಾವಣೆಗಳಿವೆ. ಹಳೆಯ ಪ್ಯಾಕಿನ ಪೋಪ್ ಇಲ್ಲಿ ಹೈರೊಫ್ಯಾಂಟ್, ಅಂದರೆ ಗುಪ್ತಪೂಜೆಯ ಗುರು, ಆದ, ಹೆಣ್ಣು ಪೋಪ್ ಮಹಾಪೂಜಾರಿಣಿಯಾದಳು. ಇಬ್ಬರು ಹೆಂಗಸರ ನಡುವೆ ಸಿಕ್ಕಿಬಿದ್ದಿದ್ದ ಪ್ರೇಮಿಯ ಜಾಗಕ್ಕೆ ಆದಮ, ಹವ್ವ ಬಂದರು. ನಾಣ್ಯಗಳು ನಕ್ಷತ್ರದ ಗುರುತಿನ ಪೆಂಟಕಲ್‌ಗಳಾದವು. ಸಾವಿನ ಎಲೆಯ ವಿಷಯ ಇನ್ನೂ ಸ್ವಾರಸ್ಯಕರ. ಮಾರ್ಸೇಯ್ ಪ್ಯಾಕಿನಲ್ಲಿ ಅಸ್ಥಿಪಂಜರ ಕುಡುಗೋಲು ಹಿಡಿದು ಹೊಲ ಕೊಯ್ಯುತ್ತದೆ, ಪೈರಿನ ಬದಲು ನೆಲದ ತುಂಬ ತಲೆ, ಕೈ, ಕಾಲು. ಉಳಿದ ತುರುಪುಗಳಿಗೆಲ್ಲ ಕೆಳಗೆ ಹೆಸರಿದ್ದರೆ ಇದಕ್ಕೆ ಬರೀ ಹದಿಮೂರೆಂಬ ಅಂಕಿ. ರಾತ್ರಿ ಹೊತ್ತು ಹಾವನ್ನು ಹೆಸರು ಹಿಡಿದು ಕರೆಯದೆ ‘ಹುಳ’ ಅನ್ನುವವರಿಗೆ ಇದು ಅರ್ಥವಾಗುತ್ತದೆ. ವೇಟ್ ಹೆಸರನ್ನು ಬರೆಸಿದರು, ಜೊತೆಗೆ ಗುಲಾಬಿಯನ್ನೂ ಹಿಂದಿನ ಸೂರ್ಯನನ್ನೂ ಸೇರಿಸಿಸಿ, ಇದು ಮುಗಿತಾಯಕ್ಕಿಂತ ಆಚೆಗಿನದರ ಚಿತ್ರ ಎಂದು ವಿವರಿಸಿದರು. ಟ್ಯಾರೋ ಓದುವವರು ಈ ಎಲೆ ಬಂದಾಗ ‘ಹಳೆಯದು ಹೋಗಿ ಹೊಸದು ಬರುತ್ತದೆ’ ಎನ್ನುವುದು ಆ ವಿವರಣೆಯ ಮುಂದುವರಿಕೆ. ಎಲೆಗಳು ಭವಿಷ್ಯ ತಿಳಿಸುತ್ತವೆ ಎಂದು ನಾನು ನಂಬುವುದಿಲ್ಲ. ಗಿಣಿಶಾಸ್ತ್ರದವನ ಗಿಣಿ ಎಳೆದು ಕೊಡುವ ಚಿತ್ರದಲ್ಲಿ ಹೇಗೋ, ಇಲ್ಲೂ ಹಾಗೆ, ಮಾತಾಡುವುದು ಎದುರಿಗೆ ಕೂತವರು. ಒಂದು ಪ್ಯಾಕನ್ನು ಚೆನ್ನಾಗಿ ಕಲೆಸಿದರೆ ಯಾವ ಎಲೆಯಾದರೂ ಕೈಗೆ ಬರುವ ಸಾಧ್ಯತೆ ಎಪ್ಪತ್ತೆಂಟರಲ್ಲಿ ಒಂದು ಎಂದು ಅತ್ತೆಯವರಿಗೆ ಹೇಳಿ.

ಎಲ್ಲ ಪ್ಯಾಕ್‌ಗಳಲ್ಲೂ ಇವೇ ಚಿತ್ರ ಯಾಕೆ ಎಂದು ಕೇಳಿದ್ದೀರಿ. 1971ರಲ್ಲಿ ಸ್ಟುವರ್ಟ್ ಕಾಪ್ಲಾನ್ ಅವರ ಯು.ಎಸ್. ಗೇಮ್ಸ್ ಕಂಪನಿ ಅಮೆರಿಕದಲ್ಲಿ ಈ ಪ್ಯಾಕನ್ನು ಮುದ್ರಿಸತೊಡಗಿತು. ಹಿಪ್ಪಿಗಳ ಕಾಲ, ಬಿಸಿ ದೋಸೆಯಂತೆ ಖರ್ಚಾಯಿತು. ಆಮೇಲೆ ಬಂದ ಹೊಸ ಪ್ಯಾಕ್‌ಗಳ ಚಿತ್ರಕಾರರು ಬೆಕ್ಕನ್ನೋ ದೇವತೆಯನ್ನೋ ಹಾಕಿದರೂ ಚೌಕಟ್ಟು ಪಮೇಲಾ ಅವರದ್ದನ್ನೇ ಹಿಡಿದರು. ಅಗ್ಗದ ಪ್ಯಾಕ್‌ಗಳ ಕಾರಣ ಬೇರೆ, ಅದು ಕಾನೂನು. ನಮ್ಮ ದೇಶದಲ್ಲಿ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪಮೇಲಾ ತೀರಿಕೊಂಡದ್ದು 1951ರಲ್ಲಿ, ಆ ಲೆಕ್ಕಕ್ಕೆ 2011ರ ಕೊನೆಗೆ ಇಲ್ಲಿ ಮುಗಿಯಿತು. 70 ವರ್ಷದ ಲೆಕ್ಕವಿರುವ ಬ್ರಿಟನ್ನಿನಲ್ಲಿ 2021ರ ಕೊನೆಗೆ ಮುಗಿಯಿತು. ಈಗ 1909ರ ಚಿತ್ರಗಳನ್ನು ಯಾರು ಬೇಕಾದರೂ ಮುದ್ರಿಸಬಹುದು, ಯಾರು ಬೇಕಾದರೂ ಮುದ್ರಿಸುತ್ತಿದ್ದಾರೆ.

ಆ 1951ರ ಸುದ್ದಿ ಅಷ್ಟು ಸುಲಭವಾಗಿ ದಾಟಿಹೋಗುವಂಥದ್ದಲ್ಲ. 1911ರಲ್ಲಿ ಆಕೆ ಕ್ಯಾಥೊಲಿಕ್ ಆದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಚಿಕ್ಕಪ್ಪನ ಕಡೆಯಿಂದ ಒಂದಿಷ್ಟು ಆಸ್ತಿ ಬಂತು. ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿರುವ ಕಾರ್ನ್‌ವಾಲ್‌ಗೆ ಹೋಗಿ, ಪಾದ್ರಿಗಳು ರಜೆಗೆ ಬಂದು ಉಳಿಯುವ ಮನೆಯೊಂದನ್ನು ನಡೆಸಿದರು. ಚಿತ್ರಗಳಿಗೆ ಬೇಡಿಕೆ ಬತ್ತಿತ್ತು. ಸೆಪ್ಟೆಂಬರ್ 18ರಂದು ಬ್ಯೂಡ್ ಎಂಬ ಊರಿನಲ್ಲಿ ತೀರಿಕೊಂಡಾಗ ಮೈತುಂಬ ಸಾಲ. ಮನೆಯ ಸಾಮಾನು, ಚಿತ್ರಗಳು ಹರಾಜಾಗಿ ಸಾಲಕ್ಕೆ ಹೋದವು. ಟ್ಯಾರೋದ ಮೂಲ ಚಿತ್ರಗಳು ಇಂದಿಗೂ ಸಿಕ್ಕಿಲ್ಲ. ಪ್ಯಾಕಿಗೆ ಮಾತ್ರ ಪ್ರಕಾಶಕರ ಮತ್ತು ಪಂಡಿತರ ಹೆಸರು ಸೇರಿಸಿ ‘ರೈಡರ್-ವೇಟ್’ ಎಂದೇ ಎಷ್ಟೋ ಕಾಲ ಕರೆದರು. ಶತಮಾನ ತುಂಬಿದ 2009ರಲ್ಲಿ ಪಮೇಲಾ ಹೆಸರಿನ ಸ್ಮರಣೆಯ ಆವೃತ್ತಿ ಬಂತು, ಈಗೀಗ ‘ರೈಡರ್-ವೇಟ್-ಸ್ಮಿತ್’ ಎಂಬ ಬಳಕೆ ಹೆಚ್ಚಾಗಿದೆ.

ಆದರೆ ಆಕೆ ತಮ್ಮ ಹೆಸರನ್ನು ಮೊದಲೇ ಬರೆದಿಟ್ಟು ಹೋಗಿದ್ದರು. ಎಲೆಗಳ ಕೆಳಮೂಲೆಯಲ್ಲಿ, ಹೆಚ್ಚಾಗಿ ಬಲಗಡೆ, ಬಳ್ಳಿಯಂತೆ ಸುತ್ತಿಕೊಂಡ ಒಂದು ಗುರುತು ಇರುತ್ತದೆ. ಪಿ, ಸಿ, ಎಸ್ ಅಕ್ಷರಗಳನ್ನು ಹೆಣೆದ ಸಹಿ ಅದು. ಮಗಳಿಗೆ ಒಂದು ಭೂತಗನ್ನಡಿ ಕೊಟ್ಟು ಹುಡುಕಲು ಹೇಳಿ. ಹುಡುಕುವಾಗಲೇ ಪೆಂಟಕಲ್‌ನ ಒಂಬತ್ತರಲ್ಲಿ ದ್ರಾಕ್ಷಿತೋಟದ ನೆಲದ ಮೇಲೆ ತೆವಳುವ ಬಸವನಹುಳು, ಕೋಲಿನ ರಾಣಿಯ ಕಾಲ ಬಳಿ ಕೂತ ಕರಿಬೆಕ್ಕು ಸಿಗುತ್ತವೆ. ಸಹಿಯನ್ನೇ ಅಳಿಸಿ ಮುದ್ರಿಸಿದ ಪ್ಯಾಕ್‌ಗಳೂ ಇವೆ. ನಿಮ್ಮದರಲ್ಲಿ ಎಲ್ಲೂ ಕಾಣದಿದ್ದರೆ ಅಂಥದ್ದು ಎಂದುಕೊಳ್ಳಿ.

ಉಳಿದದ್ದು ಡಬ್ಬಿಯನ್ನು ಆಚೆ ಹಾಕುವ ಮಾತು. ಹಾಕಬೇಡಿ. ನಾಲ್ಕೇ ಜನ ಎಂದು ಬರೆದಿದ್ದೀರಿ, ಫ್ರಾನ್ಸಿನ ಟ್ಯಾರೋ ಆಟಕ್ಕೆ ಸರಿಯಾಗಿ ನಾಲ್ಕು ಜನ ಬೇಕು. ತಲೆಗೆ 18ರಂತೆ ಹಂಚಿ, ಆರು ಎಲೆ ಮಧ್ಯೆ ಕವುಚಿ ಇಡಿ, 78 ಮುಗಿಯುತ್ತದೆ. ರಂಗಿಗೆ ರಂಗು ಹಾಕಬೇಕು, ಇಲ್ಲದವರು ತುರುಪು ಹಾಕಬೇಕು, ದೊಡ್ಡ ಅಂಕಿಯ ತುರುಪು ಬಾಚಿಕೊಳ್ಳುತ್ತದೆ. ರೋಮನ್ ಅಂಕಿ ಓದಲು ಅತ್ತೆಯವರಿಗೆ ಒಂದೆರಡು ಸುತ್ತು ತೊಡಕಾಗಬಹುದು, ಇಪ್ಪತ್ತೆಂಟು ಆಡಿ ಗೊತ್ತಿದ್ದರೆ ಮೂರನೇ ಸುತ್ತಿಗೆ ನಿಮ್ಮನ್ನೇ ಹೊಡೆಯುತ್ತಾರೆ. ಅಲ್ಲಿ ಆ ಹದಿಮೂರನೇ ಎಲೆ ಹನ್ನೆರಡನ್ನು ಹೊಡೆಯುತ್ತದೆ, ಹದಿನಾಲ್ಕಕ್ಕೆ ಸೋಲುತ್ತದೆ.